ಮನೆಯ ವೈ-ಫೈ ಲ್ಯಾಪ್‌ಟಾಪ್‌ಗೆ ಕಾಣಿಸದಿದ್ದಾಗ

ಫೋನಿನಲ್ಲಿ ವೈ-ಫೈ ಸರಿಯಾಗಿಯೇ ಬರುತ್ತಿದ್ದು, ಲ್ಯಾಪ್‌ಟಾಪ್‌ನಲ್ಲಿ ಮಾತ್ರ ಮನೆಯ ನೆಟ್‌ವರ್ಕಿನ ಹೆಸರೇ ಕಾಣಿಸದಿದ್ದರೆ, ಯಾವ ಸೆಟ್ಟಿಂಗನ್ನೂ ಮುಟ್ಟುವ ಮೊದಲು ಲ್ಯಾಪ್‌ಟಾಪ್‌ನ ನೆಟ್‌ವರ್ಕ್ ಪಟ್ಟಿಯನ್ನು ತೆರೆದು ನೋಡಬೇಕು. ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ, ಅಥವಾ ಗೋಡೆಗೆ ಗೋಡೆ ತಾಗಿಕೊಂಡಿರುವ ಮೂವತ್ತು-ನಲವತ್ತು ಸೈಟಿನ ಮನೆಗಳಲ್ಲಿ, ಅಕ್ಕಪಕ್ಕದವರ ನೆಟ್‌ವರ್ಕುಗಳು ಸಾಲುಸಾಲಾಗಿ ಕಾಣಿಸುವುದು ಸಾಮಾನ್ಯ. ಅವು ಕಂಡರೆ ವೈ-ಫೈ ಕಾರ್ಡ್ ಕೆಲಸ ಮಾಡುತ್ತಿದೆ, ರೌಟರಿನ ಬ್ಯಾಂಡ್ (ಅದು ಬಳಸುವ ರೇಡಿಯೋ ತರಂಗಗಳ ಪಟ್ಟಿ) ಅಥವಾ ಚಾನೆಲನ್ನು (ಆ ಪಟ್ಟಿಯೊಳಗಿನ ಒಂದು ಭಾಗ) ಮೊದಲು ಶಂಕಿಸಬೇಕು. ಒಂದೂ ಕಾಣದಿದ್ದರೆ ಲ್ಯಾಪ್‌ಟಾಪನ್ನು. ಇದನ್ನು ನೋಡದೆ ರೌಟರಿನ ರೀಸೆಟ್ ರಂಧ್ರಕ್ಕೆ ಪಿನ್ ಚುಚ್ಚುವುದು ಬೇಡ, ಏಕೆಂದರೆ ಹಾಗೆ ಮಾಡಿದಾಗ ಇಂಟರ್ನೆಟ್ ಸಂಪರ್ಕದ ಯೂಸರ್‌ನೇಮ್, ಪಾಸ್‌ವರ್ಡ್‌ಗಳೂ ಅಳಿಸಿಹೋಗಿ, ಅಲ್ಲಿಯವರೆಗೆ ಚೆನ್ನಾಗಿದ್ದ ಫೋನಿಗೂ ಇಂಟರ್ನೆಟ್ ಇಲ್ಲದಂತಾಗಬಹುದು.

ಒಂದೂ ಹೆಸರು ಕಾಣದಿದ್ದರೆ ಏರೋಪ್ಲೇನ್ ಮೋಡ್ ಆನ್ ಆಗಿದೆಯೇ ನೋಡಿ. ಕೀಬೋರ್ಡಿನ ಮೇಲಿನ ಸಾಲಿನಲ್ಲಿ ವಿಮಾನದ ಅಥವಾ ಆಂಟೆನಾದ ಚಿತ್ರವಿರುವ ಕೀ ಅರಿವಿಲ್ಲದೆ ಒತ್ತಿಹೋಗಿರುವುದುಂಟು; ಹಳೆಯ ಮಾದರಿಗಳ ಅಂಚಿನಲ್ಲಿ ಇದಕ್ಕೆಂದೇ ಒಂದು ಸ್ವಿಚ್ ಇರುತ್ತದೆ. ಆಮೇಲೆ ರೀಸ್ಟಾರ್ಟ್ ಮಾಡಿ. ವಿಂಡೋಸ್‌ನಲ್ಲಿ ಫಾಸ್ಟ್ ಸ್ಟಾರ್ಟಪ್ ಆನ್ ಇದ್ದರೆ ಶಟ್‌ಡೌನ್ ಮಾಡಿದರೂ ವ್ಯವಸ್ಥೆ ಪೂರ್ತಿ ಹೊಸದಾಗಿ ಶುರುವಾಗುವುದಿಲ್ಲವಾದ್ದರಿಂದ ರೀಸ್ಟಾರ್ಟನ್ನೇ ಆರಿಸಬೇಕು. ಡಿವೈಸ್ ಮ್ಯಾನೇಜರಿನ ನೆಟ್‌ವರ್ಕ್ ಅಡಾಪ್ಟರ್ಸ್ ವಿಭಾಗದಲ್ಲಿ ವೈ-ಫೈ ಕಾರ್ಡಿನ ಹೆಸರಿನ ಪಕ್ಕ ಹಳದಿ ಗುರುತಿದ್ದರೆ ಡ್ರೈವರ್ (ಕಾರ್ಡನ್ನು ನಡೆಸುವ ತಂತ್ರಾಂಶ) ಹೊಸದಾಗಿ ಹಾಕಬೇಕಾಗುತ್ತದೆ. ವೈ-ಫೈ ಇಲ್ಲದೆ ಡ್ರೈವರ್ ಡೌನ್‌ಲೋಡ್ ಮಾಡುವುದು ಹೇಗೆಂದರೆ, ಫೋನನ್ನು ಕೇಬಲ್ ಮೂಲಕ ಲ್ಯಾಪ್‌ಟಾಪ್‌ಗೆ ಜೋಡಿಸಿ ಯುಎಸ್‌ಬಿ ಟೆಥರಿಂಗ್ (ಫೋನಿನ ಇಂಟರ್ನೆಟ್ಟನ್ನು ಕೇಬಲ್ಲಿನಲ್ಲಿ ಹಂಚಿಕೊಳ್ಳುವ ಆಯ್ಕೆ) ಆನ್ ಮಾಡಿದರೆ ಆಯಿತು.

ಅಕ್ಕಪಕ್ಕದವರ ಹೆಸರುಗಳಿದ್ದು ನಮ್ಮದೊಂದೇ ಇಲ್ಲದಿದ್ದರೆ ವಿಷಯ ಸ್ವಲ್ಪ ಸೂಕ್ಷ್ಮ. ರೌಟರು 5 ಗಿಗಾಹರ್ಟ್ಸ್ ಬ್ಯಾಂಡಿನಲ್ಲಿ ಮಾತ್ರ ಪ್ರಸಾರ ಮಾಡುತ್ತಿದ್ದರೆ, 2.4 ಗಿಗಾಹರ್ಟ್ಸ್ ಮಾತ್ರ ಬಲ್ಲ ಹಳೆಯ ಲ್ಯಾಪ್‌ಟಾಪ್‌ಗೆ ಅದು ಇಲ್ಲದಂತೆಯೇ. ಎರಡೂ ಬ್ಯಾಂಡ್ ಇದ್ದರೂ ಚಾನೆಲ್ ಅಡ್ಡಬರಬಹುದು. ಭಾರತದಲ್ಲಿ 2.4 ಗಿಗಾಹರ್ಟ್ಸ್‌ನ 1ರಿಂದ 13ರವರೆಗಿನ ಚಾನೆಲ್‌ಗಳು ಬಳಕೆಯಲ್ಲಿವೆ. ಅಮೆರಿಕದಲ್ಲಿ ಸಾಮಾನ್ಯವಾಗಿ 11ರವರೆಗೆ ಮಾತ್ರ. ಆದ್ದರಿಂದ ಅಲ್ಲಿಂದ ನೆಂಟರು ತಂದುಕೊಟ್ಟ ಲ್ಯಾಪ್‌ಟಾಪ್‌ಗೆ 12 ಅಥವಾ 13ರಲ್ಲಿರುವ ನೆಟ್‌ವರ್ಕ್ ಕಾಣಿಸದೇ ಇರಬಹುದು. ನಿನ್ನೆ ಕಾಣುತ್ತಿದ್ದುದು ಇಂದೇಕೆ ಇಲ್ಲ ಎಂಬುದಕ್ಕೂ ಕಾರಣ ಹಲವು ವೇಳೆ ಇಲ್ಲೇ ಇರುತ್ತದೆ: ಚಾನೆಲ್ ಆಟೋದಲ್ಲಿದ್ದರೆ, ಕರೆಂಟ್ ಹೋಗಿ ಬಂದಾಗ ರೌಟರು ಹೊಸದೊಂದು ಚಾನೆಲ್ ಆರಿಸಿಕೊಳ್ಳಬಹುದು. ಮಳೆ ಶುರುವಾದೊಡನೆ ಕರೆಂಟ್ ಹೋಗುವ ನಮ್ಮ ಬಡಾವಣೆಗಳಲ್ಲಿ ಇದು ಅಪರೂಪವಲ್ಲ. 5 ಗಿಗಾಹರ್ಟ್ಸ್‌ನ ಕೆಲವು ಚಾನೆಲ್‌ಗಳನ್ನು ರೇಡಾರ್‌ಗಳೂ ಬಳಸುವುದರಿಂದ ರೌಟರು ಅಲ್ಲಿ ಪ್ರಸಾರ ಆರಂಭಿಸುವ ಮೊದಲು ಕನಿಷ್ಠ 60 ಸೆಕೆಂಡು ಆಲಿಸಿ ಕಾಯುತ್ತದೆ. ಕರೆಂಟ್ ಬಂದ ಕೂಡಲೇ ಹುಡುಕಾಟಕ್ಕಿಳಿಯದೆ ಒಂದೆರಡು ನಿಮಿಷ ಬಿಡುವುದು ಒಳ್ಳೆಯದು.

ಪರಿಹಾರ ಫೋನಿನಿಂದಲೇ ಸಾಧ್ಯ. ರೌಟರಿನ ಹಿಂದೆ ಅಥವಾ ಅಡಿಯಲ್ಲಿ ಅಂಟಿಸಿರುವ ಚೀಟಿಯಲ್ಲಿನ ವಿಳಾಸವನ್ನು ಬ್ರೌಸರಿನಲ್ಲಿ ಹಾಕಿ, ಲಾಗಿನ್ ಆಗಿ, 2.4 ಗಿಗಾಹರ್ಟ್ಸ್‌ನ ಚಾನೆಲನ್ನು 1, 6 ಅಥವಾ 11ಕ್ಕೂ, 5 ಗಿಗಾಹರ್ಟ್ಸ್‌ನದನ್ನು 36ಕ್ಕೂ ನಿಲ್ಲಿಸಿ, ಎರಡು ಬ್ಯಾಂಡುಗಳಿಗೆ ಬೇರೆ ಬೇರೆ ಹೆಸರು ಕೊಡಿ. ಹೆಸರು ಮರೆಮಾಡುವ ಆಯ್ಕೆ ಆನ್ ಇದ್ದರೆ ತೆಗೆದುಬಿಡಿ. ಅದರಿಂದ ಭದ್ರತೆ ಹೆಚ್ಚುವುದಿಲ್ಲ, ಗೊಂದಲವಷ್ಟೇ ಹೆಚ್ಚುತ್ತದೆ. ರೌಟರು ಹೊಸ ವೈ-ಫೈ 6 ಮಾದರಿಯದಾಗಿದ್ದರೆ ಇಂಟೆಲ್‌ನ ಕೆಲವು ಹಳೆಯ ಡ್ರೈವರುಗಳಿಗೆ ಅದು ಕಾಣುವುದಿಲ್ಲ, ಡ್ರೈವರ್ ಅಪ್‌ಡೇಟ್ ಮಾಡಿದರೆ ಕಾಣುತ್ತದೆ.

ರೌಟರಿನ ಪಕ್ಕದಲ್ಲೇ ಹೆಸರು ಬಂದು, ಪಕ್ಕದ ಕೋಣೆಗೆ ಹೋದೊಡನೆ ಮಾಯವಾದರೆ ಆಂಟೆನಾವನ್ನು ಶಂಕಿಸಬೇಕು. ಇತ್ತೀಚೆಗೆ ಬ್ಯಾಟರಿ ಬದಲಿಸಲು ಲ್ಯಾಪ್‌ಟಾಪ್ ಬಿಚ್ಚಿಸಿದ್ದರೆ, ವೈ-ಫೈ ಕಾರ್ಡಿಗೆ ಸಿಕ್ಕಿಸುವ ಕೂದಲಿನಂಥ ಎರಡು ತೆಳು ತಂತಿಗಳಲ್ಲಿ ಒಂದು ಕಳಚಿಕೊಂಡಿರಬಹುದು. ಬಿಚ್ಚಿದವರಿಂದಲೇ ಮತ್ತೆ ಹಾಕಿಸಿ. ಕಾರ್ಡೇ ಕೆಟ್ಟಿದ್ದರೆ ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಯುಎಸ್‌ಬಿ ವೈ-ಫೈ ಅಡಾಪ್ಟರ್ ಸಿಗುತ್ತದೆ. ಡಬ್ಬಿಯ ಮೇಲೆ ಎನ್ 150 ಎಂದಿದ್ದರೆ ಅದು 2.4 ಗಿಗಾಹರ್ಟ್ಸ್‌ನದು ಮಾತ್ರ, ಎಸಿ 600 ಎಂದಿದ್ದರೆ ಎರಡೂ ಬ್ಯಾಂಡಿನದು. ಇವುಗಳಲ್ಲಿ ಎರಡನೆಯದನ್ನೇ ಕೇಳಿ ತೆಗೆದುಕೊಳ್ಳಿ.