ಖಾನಾವಳಿ, ಝೆರಾಕ್ಸ್, ಉದ್ರಿ: ಖರ್ಚಿನ ಲೆಕ್ಕಕ್ಕೆ ನಿಮ್ಮದೇ ವೆಬ್‌ಸೈಟ್

ತಿಂಗಳ ಮೊದಲ ವಾರ ತಹರಿ, ಕೊನೆಯ ವಾರ ಬರೀ ಚಹಾ. ಕಲಬುರಗಿಯಲ್ಲಿ ರೂಮ್ ಮಾಡಿಕೊಂಡು ಓದುವವರ ಲೆಕ್ಕ ಹೆಚ್ಚುಕಡಿಮೆ ಹೀಗೇ. ರೊಕ್ಕ ಎಲ್ಲಿ ಹೋಯ್ತು ಅಂತ ಫೋನ್‌ಪೇ ಹಿಸ್ಟರಿ ತೆಗೆದು ನೋಡಿದರೆ ಅಂಗಡಿಯವರ ಹೆಸರಷ್ಟೇ ಸಿಗುತ್ತದೆ. ಎಚ್‌ಟಿಎಂಎಲ್, ಸಿಎಸ್‌ಎಸ್, ಜೊತೆಗೆ ಸ್ವಲ್ಪ ಜಾವಾಸ್ಕ್ರಿಪ್ಟ್ ಗೊತ್ತಿದ್ದರೆ ಖರ್ಚು ಬರೆದಿಡುವ ಸೈಟನ್ನು ರಜೆ ದಿನ ಕೂತು ನೀವೇ ಕಟ್ಟಬಹುದು. ಸರ್ವರ್ ಬೇಡ, ಡೇಟಾಬೇಸ್ ಬೇಡ, ಲಾಗಿನ್ ಅಂತೂ ಬೇಡವೇ ಬೇಡ.

ಮೊದಲು ನೋಟ್‌ಬುಕ್

ಕಂಪ್ಯೂಟರ್ ಆಮೇಲೆ. ಒಂದು ವಾರ ಏನೇನಕ್ಕೆ ಖರ್ಚಾಯಿತು ಅಂತ ಸುಮ್ನೆ ಹಾಳೆಯ ಮೇಲೆ ಬರೆಯಿರಿ. ಸಿದ್ಧ ಆ್ಯಪ್‌ಗಳಲ್ಲಿ 'ಮನರಂಜನೆ', 'ಗೃಹೋಪಯೋಗಿ' ಅಂತೆಲ್ಲ ಇರುತ್ತದೆ. ನಿಮ್ಮ ಹಾಳೆಯಲ್ಲಿ ಬರುವುದು ಖಾನಾವಳಿ, ಸುಸಲಾ-ಮಿರ್ಚಿ, ಝೆರಾಕ್ಸ್, ರೀಚಾರ್ಜ್, ಊರಿಗೆ ಹೋಗಿಬರುವ ಖರ್ಚು. ಸೈಟಿನಲ್ಲೂ ಅದೇ ಹೆಸರುಗಳಿರಲಿ. ಒಬ್ಬೊಬ್ಬರ ಪಟ್ಟಿ ಒಂದೊಂದು ಥರ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸಾಮಾನ್ಯ ಬಸ್ ಫ್ರೀ. ಹಾಗಾಗಿ ಹುಡುಗಿಯರಿಗೆ 'ಬಸ್' ಬಟನ್‌ಗಿಂತ 'ಆಟೋ' ಬಟನ್ನೇ ಜಾಸ್ತಿ ಕೆಲಸಕ್ಕೆ ಬರಬಹುದು.

ಫಾರ್ಮ್ ಚಿಕ್ಕದಿರಲಿ

ಪುಟದಲ್ಲಿ ಮೊತ್ತ, ಬಾಬತ್ತು, ತಾರೀಖು ಇಷ್ಟೇ ಇರಲಿ. ಬಾಬತ್ತಿಗೆ ಡ್ರಾಪ್‌ಡೌನ್ ಹಾಕಬೇಡಿ, ದೊಡ್ಡ ಬಟನ್‌ಗಳನ್ನೇ ಇಡಿ. ಒಂದು ಕೈಯಲ್ಲಿ ಚಹಾ ಕಪ್ ಹಿಡಿದು ಇನ್ನೊಂದು ಕೈಯ ಹೆಬ್ಬೆರಳಿನಲ್ಲಿ ಒತ್ತುವಂತಿರಬೇಕು. 'ಆಮೇಲೆ ಬರೀತೀನಿ' ಅಂದ ಖರ್ಚನ್ನು ಯಾರೂ ಬರೆಯುವುದಿಲ್ಲ, ಅಲ್ವಾ? ಬಣ್ಣ, ಗ್ರಾಫ್ ಎಲ್ಲ ಬೇಕಿದ್ದರೆ ಆಮೇಲೆ ಸೇರಿಸಿ. ಮೊತ್ತದ ಜಾಗ ಮುಟ್ಟಿದಾಗ ಅಂಕಿಗಳ ಕೀಬೋರ್ಡೇ ತೆರೆಯುವಂತೆ ಅದಕ್ಕೆ 'ಇನ್‌ಪುಟ್‌ಮೋಡ್' ಕೊಡಿ. ಮೊಬೈಲ್ ಪರದೆಗೆ ಪುಟ ಸರಿಯಾಗಿ ಹೊಂದಲು 'ವ್ಯೂಪೋರ್ಟ್' ಟ್ಯಾಗ್ ಮರೆಯಬೇಡಿ.

ಫಾರ್ಮಿನಿಂದ ಬರುವ ಮೊತ್ತ ಜಾವಾಸ್ಕ್ರಿಪ್ಟ್‌ಗೆ ಸಂಖ್ಯೆಯಲ್ಲ, ಬರೀ ಅಕ್ಷರ. 30ಕ್ಕೆ 20 ಕೂಡಿಸಿದರೆ 50 ಬರುವುದಿಲ್ಲ, 3020 ಬರುತ್ತದೆ! ಅದಕ್ಕೇ ಮೊದಲು 'ನಂಬರ್' ಫಂಕ್ಷನ್‌ನಿಂದ ಅದನ್ನು ಸಂಖ್ಯೆ ಮಾಡಿಕೊಳ್ಳಿ. ಪೈಸೆ ಲೆಕ್ಕವೂ ಬೇಕೆಂದರೆ ಎಲ್ಲವನ್ನೂ ಪೈಸೆಯಲ್ಲೇ ಇಟ್ಟು ತೋರಿಸುವಾಗ ಮಾತ್ರ 100ರಿಂದ ಭಾಗಿಸಿ. ಏಕೆಂದರೆ ಕಂಪ್ಯೂಟರ್ 0.1ಕ್ಕೆ 0.2 ಕೂಡಿಸಿದರೆ ಸರಿಯಾಗಿ 0.3 ಬರುವುದಿಲ್ಲ, ಕೊನೆಯಲ್ಲಿ ಒಂದು ಬಾಲ ಅಂಟಿಕೊಳ್ಳುತ್ತದೆ.

ಎಲ್ಲಿ ಇಡುವುದು?

ಬ್ರೌಸರ್‌ನಲ್ಲೇ 'ಲೋಕಲ್ ಸ್ಟೋರೇಜ್' ಅಂತ ಒಂದು ಜಾಗವಿದೆ. ಸಾಮಾನ್ಯವಾಗಿ ಒಂದು ಸೈಟಿಗೆ 5 ಎಂಬಿ ಸಿಗುತ್ತದೆ. ಡಿಗ್ರಿ ಮುಗಿಯುವ ತನಕ ದಿನಾ ಬರೆದರೂ ಅದು ತುಂಬುವುದು ಕಷ್ಟ. ಅಲ್ಲಿ ಅಕ್ಷರಗಳನ್ನಷ್ಟೇ ಇಡಬಹುದು. ಹಾಗಾಗಿ ಖರ್ಚಿನ ಪಟ್ಟಿಯನ್ನು 'ಜೇಸನ್ ಸ್ಟ್ರಿಂಗಿಫೈ'ನಿಂದ ಅಕ್ಷರ ಮಾಡಿ ಇಡಬೇಕು, ತೆಗೆಯುವಾಗ 'ಜೇಸನ್ ಪಾರ್ಸ್' ಬಳಸಬೇಕು. ಪ್ರತಿ ಖರ್ಚಿಗೂ ಒಂದು ಐಡಿ ಕೊಡಿ. ತಪ್ಪಾಗಿ ಬರೆದದ್ದನ್ನು ಅಳಿಸಲು ಅದು ಬೇಕಾಗುತ್ತದೆ.

ತಾರೀಖಿನಲ್ಲಿ ಹುಷಾರಾಗಿರಿ. ಇವತ್ತಿನ ತಾರೀಖು ತಾನೇ ಬರಲಿ ಅಂತ ಬಹಳ ಜನ 'ಟು ಐಎಸ್‌ಒ ಸ್ಟ್ರಿಂಗ್' ಬಳಸುತ್ತಾರೆ. ಅದು ಕೊಡುವುದು ಯುಟಿಸಿ, ಅಂದರೆ ಜಗತ್ತಿಗೆಲ್ಲ ಒಂದೇ ಆದ ಪ್ರಮಾಣಿತ ಸಮಯ. ನಮ್ಮ ಗಡಿಯಾರ ಅದಕ್ಕಿಂತ ಐದೂವರೆ ಗಂಟೆ ಮುಂದಿದೆ. ರಾತ್ರಿ ಒಂದು ಗಂಟೆಗೆ ಬಸ್ ಸ್ಟ್ಯಾಂಡ್ ಹತ್ತಿರ ಕುಡಿದ ಚಹಾ ನಿನ್ನೆಯ ಲೆಕ್ಕಕ್ಕೆ ಹೋಗಿಬಿಡುತ್ತದೆ. ಅವತ್ತು ಒಂದನೇ ತಾರೀಖಾದರೆ ಹೋದ ತಿಂಗಳ ಲೆಕ್ಕಕ್ಕೇ ಹೋಯಿತು! ವರ್ಷ, ತಿಂಗಳು, ದಿನವನ್ನು ಬೇರೆಬೇರೆ ತೆಗೆದು 2025-01-09 ಥರ ನೀವೇ ಜೋಡಿಸಿ.

ಉದ್ರಿ ಲೆಕ್ಕ

ಸಿದ್ಧ ಆ್ಯಪ್‌ಗಳು ಬಹಳ ಸಲ ಎಡವುವುದು ಇಲ್ಲೇ. ಖಾನಾವಳಿಯಲ್ಲಿ ಇವತ್ತು ಉಂಡು 10ನೇ ತಾರೀಖಿಗೆ ರೊಕ್ಕ ಕೊಟ್ಟರೆ ಖರ್ಚು ಯಾವ ದಿನದ್ದು? ಉಂಡ ದಿನವೇ ಬರೆಯಬೇಕು ಅನ್ನುವುದು ನನ್ನ ವಾದ. ಕೊಟ್ಟ ದಿನ ಬರೆದರೆ ತಿಂಗಳಿಡೀ ಜೇಬು ಗಟ್ಟಿ ಇದೆ ಅನ್ನಿಸಿ, ಆಮೇಲೆ ಒಮ್ಮೆಲೇ ಹೊಡೆತ ಬೀಳುತ್ತದೆ. ಎರಡೂ ದಿನ ಬರೆದರೆ ಲೆಕ್ಕ ಡಬಲ್. ಪ್ರತಿ ಖರ್ಚಿನ ಜೊತೆ 'ಉದ್ರಿ' ಅಂತ ಒಂದು ಚೆಕ್‌ಬಾಕ್ಸ್ ಇಡಿ. ರೊಕ್ಕ ಕೊಟ್ಟ ದಿನ ಆ ಟಿಕ್ ತೆಗೆದರೆ ಸಾಕು, ಹೊಸದಾಗಿ ಬರೆಯುವುದು ಬೇಡ. ಪುಟದ ಮೇಲ್ಭಾಗದಲ್ಲಿ ಈ ತಿಂಗಳ ಒಟ್ಟು ಖರ್ಚು, ಪಕ್ಕದಲ್ಲೇ ಬಾಕಿ ಉದ್ರಿ ಕಾಣಲಿ. ತಿಂಗಳ ಖರ್ಚು ಬೇರ್ಪಡಿಸಲು ತಾರೀಖಿನ ಮೊದಲ 7 ಅಕ್ಷರ, ಅಂದರೆ ವರ್ಷ ಮತ್ತು ತಿಂಗಳು, ಹೋಲಿಸಿ ನೋಡಿದರಾಯಿತು.

ರೀಚಾರ್ಜ್ ಬಗ್ಗೆಯೂ ಒಂದು ಮಾತು. 28 ದಿನದ ಪ್ಯಾಕ್ ಹಾಕಿಸುವವರು ವರ್ಷಕ್ಕೆ 12 ಅಲ್ಲ, 13 ಸಲ ಹಾಕಿಸುತ್ತಾರೆ. ಆ ಒಂದು ಪ್ಯಾಕ್ ಯಾವುದೋ ತಿಂಗಳಲ್ಲಿ ಎರಡನೇ ಸಲ ಬಂದು ಕೂರುತ್ತದೆ.

ಆನ್‌ಲೈನ್‌ಗೆ ಏರಿಸುವುದು

ಕೋಡ್ ಇಡುವ ತಾಣ ಗಿಟ್‌ಹಬ್‌ನಲ್ಲಿ ಖಾತೆ ತೆರೆದು ಫೈಲ್‌ಗಳನ್ನು ಹಾಕಿ, 'ಪೇಜಸ್' ಆನ್ ಮಾಡಿ. ದುಡ್ಡಿಲ್ಲದೆ ಸೈಟಿಗೆ ವಿಳಾಸ ಸಿಗುತ್ತದೆ. ಕೋಡ್ ಎಲ್ಲರಿಗೂ ಕಾಣುತ್ತದೆ, ಆದರೆ ಖರ್ಚಿನ ಲೆಕ್ಕ ನಿಮ್ಮ ಫೋನಿನಲ್ಲೇ ಇರುತ್ತದೆ. ರೂಮ್‌ಮೇಟ್ ಅದೇ ಲಿಂಕ್ ತೆರೆದರೂ ಅವರಿಗೆ ಕಾಣುವುದು ಖಾಲಿ ಪಟ್ಟಿ.

ಇದರಲ್ಲೇ ಒಂದು ತೊಂದರೆಯೂ ಇದೆ. ಬ್ರೌಸರ್ ಡೇಟಾ ಕ್ಲಿಯರ್ ಮಾಡಿದರೆ ಲೆಕ್ಕವೆಲ್ಲ ಹೋಯಿತು. ಇನ್‌ಕಾಗ್ನಿಟೋದಲ್ಲಿ ಬರೆದದ್ದೂ ಉಳಿಯುವುದಿಲ್ಲ. ಆದ್ದರಿಂದ ಪಟ್ಟಿಯನ್ನು ಫೈಲಾಗಿ ಇಳಿಸಿಕೊಳ್ಳುವ ಒಂದು ಬಟನ್, ಅದನ್ನು ವಾಪಸ್ ತುಂಬಿಸುವ ಇನ್ನೊಂದು ಬಟನ್ ಕಡ್ಡಾಯವಾಗಿ ಇಡಿ. ತಿಂಗಳಿಗೊಮ್ಮೆ ಆ ಫೈಲನ್ನು ನಿಮ್ಮದೇ ವಾಟ್ಸ್‌ಆ್ಯಪ್ ನಂಬರಿಗೆ ಕಳಿಸಿಟ್ಟುಕೊಳ್ಳಿ.