ಒಂದು ಹಿಡಿ ಬೀಜಕ್ಕೂ ಕರಾರು: ನನ್ನ ಅನುಭವ

ನಮ್ಮ ಪಾಂಡವಪುರ ಕಡೆಯವರಿಗೆ ರಾಜಮುಡಿ ಭತ್ತ ಹೊಸದಲ್ಲ. ಅನ್ನಕ್ಕೂ ಹೆಸರು, ಗದ್ದೆಯಲ್ಲಿ ಮಲಗೋದಕ್ಕೂ ಹೆಸರು. 2014ರ ಸುಮಾರಿಗೆ ಒಂದೇ ಒಂದು ಬುಡ ಮಳೆಗೆ ಬಗ್ಗದೆ ನಿಂತಿತ್ತು. ಸೊಂಟದೆತ್ತರ, ಅಕ್ಕಿ ಮಾತ್ರ ಅದೇ ಕೆಂಪು. ಅದನ್ನೇ ಬೇರೆ ಮಾಡಿ ಆರು ಬೆಳೆ ಆಯ್ದೆ. ಬೆರಕೆ ಗಿಡ ಯಾವ ಹೊತ್ತಲ್ಲಿ ಕೀಳಬೇಕು ಅನ್ನೋದು ನನ್ನ ಗುಟ್ಟು, ಇಲ್ಲಿ ಬರೆಯಲ್ಲ.

ಮೊದಲ ತಪ್ಪು ನನ್ನದೇ. ಸಂಶೋಧಕರೊಬ್ಬರು ಬಂದು ಕಾಫಿ ಕುಡಿದು ಒಂದು ಹಿಡಿ ಬೀಜ ಕೇಳಿದರು. ಓದಿದವರು ಕೇಳ್ತಾರಲ್ಲ ಅಂತ ಪೇಪರಿನಲ್ಲಿ ಕಟ್ಟಿ ಕೊಟ್ಟೆ. ಮೂರು ವರ್ಷದ ಮೇಲೆ ಒಂದು ಪ್ರಾತ್ಯಕ್ಷಿಕೆ ತಾಕಿನಲ್ಲಿ ನೋಡಿದರೆ, ನಂಬರ್ ಬೋರ್ಡಿನ ಹಿಂದೆ ಅದೇ ಗಿಡ್ಡ ಬುಡ! ನನ್ನದು ಅನ್ನಲು ನನ್ನ ಹತ್ತಿರ ಒಂದು ಚೀಟಿಯೂ ಇರಲಿಲ್ಲ.

ತಳಿ ನೋಂದಣಿಗೆ ಓಡಾಡಿದೆ. ಏಜೆಂಟ್ ಒಬ್ಬ ಹದಿನೆಂಟು ಸಾವಿರ ತಿಂದ. 2001ರ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕು ಕಾಯ್ದೆಯಲ್ಲಿ ರೈತರ ತಳಿಗೆ ಶುಲ್ಕವೇ ಇಲ್ಲ ಅಂತ ತಿಳಿದದ್ದು ಆಮೇಲೆ. ಅರ್ಜಿಗೆ ಪಂಚಾಯ್ತಿಯ ಜೀವವೈವಿಧ್ಯ ಸಮಿತಿಯ ಸಹಿ ಆಗುತ್ತೆ. ಆದರೆ ಅಂಥದ್ದೊಂದು ಸಮಿತಿ ಇದೆ ಅಂತ ಅಲ್ಲಿ ಯಾರಿಗೂ ಗೊತ್ತಿರಲಿಲ್ಲ! ಜಿಲ್ಲಾ ಕೃಷಿ ಅಧಿಕಾರಿಯ ಸಹಿಯೂ ನಡೆಯುತ್ತೆ, ಅದನ್ನೇ ಹಾಕಿಸಿದೆ. ಪೈರು ಒಂದೇ ಸಮ ಇಲ್ಲ ಅಂತ ಅರ್ಜಿ ತಳ್ಳಿಹಾಕ್ತಾರೇನೋ ಅನ್ನೋ ಹೆದರಿಕೆ ಇತ್ತು. ಬೆರಕೆ ಗಿಡದ ಲೆಕ್ಕದಲ್ಲಿ ರೈತರ ತಳಿಗೆ ಎರಡು ಪಟ್ಟು ಸಡಿಲ ಕೊಟ್ಟಿದ್ದಾರೆ, ಅದು ಕಾಪಾಡಿತು. "ನಿನ್ನ ಭತ್ತಕ್ಕೆ ಡೆಲ್ಲಿ ಸರ್ಟಿಫಿಕೇಟಾ?" ಅಂತ ನಕ್ಕವರ ಜಗಲಿ ಮುಂದೆಯೇ ಅದನ್ನು ಲ್ಯಾಮಿನೇಟ್ ಮಾಡಿಸಿಕೊಂಡು ನಡೆದು ಬಂದೆ.

  

ಈಗ ಯಾರೇ ಬೀಜ ಕೇಳಲಿ, ಮೊದಲು ಎರಡು ಪುಟದ ಕರಾರು. ಸಂಶೋಧನೆಗೆ ಬಳಸಲಿ, ಕಾಯ್ದೆಯೇ ಬಿಟ್ಟಿದೆ. ಆದರೆ ಅದರಿಂದ ಹುಟ್ಟಿದ ತಳಿಯನ್ನು ಕಂಪನಿಗೆ ಲೈಸೆನ್ಸ್ ಕೊಟ್ಟರೆ ಬಂದ ದುಡ್ಡಲ್ಲಿ ನನಗೂ ಪಾಲು. ಮಂಡ್ಯದ ವಿ.ಸಿ. ಫಾರಂ ಸಂಶೋಧನಾ ಕೇಂದ್ರದಲ್ಲಿ ಹುಟ್ಟಿದ ಕೆಆರ್‌ಎಚ್-2 ಭತ್ತದ ಬೀಜವನ್ನು ವರ್ಷ ವರ್ಷ ದುಡ್ಡು ಕೊಟ್ಟೇ ತಂದಿದ್ದೇವೆ. ಹೈಬ್ರಿಡ್ ಅಲ್ವಾ, ಉಳಿಸಿ ಬಿತ್ತಿದರೆ ಅದೇ ಗುಣ ಬರಲ್ಲ, ತಪ್ಪೇನಿಲ್ಲ. ನಮ್ಮ ಬೀಜ ಹೊರಗೆ ಹೋಗುವಾಗ ಮಾತ್ರ ಸುಮ್ನೆ ಕೊಡಬೇಕಾ? ಒಂದು ಸಂಸ್ಥೆ ಒಪ್ಪಲು ಹನ್ನೊಂದು ತಿಂಗಳು ಹಿಡಿಯಿತು. ನೂರಕ್ಕೆ ಹತ್ತು ಕೇಳಿದ್ದೆ, ನಾಲ್ಕಕ್ಕೆ ಇಳಿದೆ.

ನನ್ನ ತಳಿಯ ಬೀಜ ಮಾರುವ ಕಂಪನಿಯವರು ಮಾರಿದ ಕೆಜಿಗೆ ಮೂರು ರೂಪಾಯಿ ಕೊಡುತ್ತಾರೆ. ಹೋದ ವರ್ಷ ಸುಮಾರು 40 ಸಾವಿರ ಬಂತು. ಪಕ್ಕದ ಗದ್ದೆಯವರಿಗೆ ಮಾತ್ರ ಈಗಲೂ ಬೀಜಕ್ಕೆ ಬೀಜ. ಬ್ರಾಂಡ್ ಹಾಕದೆ ಕೊಟ್ಟು ತಗೊಳ್ಳುವುದು ರೈತರ ಹಕ್ಕು, ಅದನ್ನು ಕರಾರಿನಲ್ಲೂ ಬರೆಸಿದ್ದೇನೆ.

ಈಗ ಆ ಕಂಪನಿಯವರಿಗೆ ಚೀಲದ ಮೇಲೆ ತಳಿಯ ಹೆಸರು ಬದಲಿಸಬೇಕಂತೆ. ನೋಂದಣಿಯಲ್ಲಿರೋದು ನಮ್ಮಜ್ಜಿ ಹೆಸರು. ಆ ಪುಟಕ್ಕೆ ಇನ್ನೂ ಸಹಿ ಹಾಕಿಲ್ಲ.