ತೋಟದ ನಾಯಿಗೆ ಕಿಡ್ನಿ ತೊಂದರೆಯೇ? ಕುಡಿಯುವ ನೀರು ಅಳೆದು ನೋಡಿ

ಫ್ಲ್ಯಾಟಿನಲ್ಲಿ ಸಾಕಿದ ನಾಯಿ ರಾತ್ರಿ ಎರಡು ಸಲ ಬಾಗಿಲು ಕೆರೆದರೆ ಮರುದಿನವೇ ಅನುಮಾನ ಬರುತ್ತದೆ. ಕೊಡಗಿನ ತೋಟದ ಮನೆಯಲ್ಲಿ ಹಾಗಲ್ಲ. ನಾಯಿ ತೋಡಿನಲ್ಲಿ ನೀರು ಕುಡಿದು ಕಾಫಿ ಗಿಡದ ಬುಡದಲ್ಲಿ ಕಾಲೆತ್ತುತ್ತದೆ. ಲೆಕ್ಕ ಇಡುವವರು ಯಾರು? ಹೆಚ್ಚು ನೀರು ಕುಡಿದು ಹೆಚ್ಚು ಮೂತ್ರ ಮಾಡುವುದೇ ಕಿಡ್ನಿ ಕಾಯಿಲೆಯ ಮೊದಲ ಸುಳಿವು. ಊಟ ಬಿಟ್ಟು, ವಾಂತಿ ಶುರುವಾಗಿ, ಬಾಯಿ ನಾರುವ ಹೊತ್ತಿಗೆ ಕಿಡ್ನಿ ಬಹುಪಾಲು ಸೋತಿರುತ್ತದೆ. ಕಪಾತು ಮಾಡಿದ ಮರ ಚಿಗುರುತ್ತದೆ, ಕಿಡ್ನಿಯ ಹಾಳಾದ ಭಾಗ ಮತ್ತೆ ಚಿಗುರುವುದಿಲ್ಲ.

ಮೊದಲು ನೀರಿನ ಲೆಕ್ಕ

ವಯಸ್ಸಾದ ನಾಯಿ ಸೊರಗುತ್ತಿದೆ ಅನಿಸಿದರೆ ಎರಡು ಮೂರು ದಿನ ತೋಟಕ್ಕೆ ಬಿಡದೆ ಮನೆ ಹತ್ತಿರವೇ ಇಟ್ಟುಕೊಳ್ಳಿ. ಬೆಳಿಗ್ಗೆ ನೀರನ್ನು ಅಳೆದು ಹಾಕಿ, ಮರುದಿನ ಅದೇ ಹೊತ್ತಿಗೆ ಉಳಿದದ್ದನ್ನು ಅಳೆದು ಕಳೆಯಿರಿ. ಕಿಲೋ ತೂಕಕ್ಕೆ ದಿನಕ್ಕೆ 100 ಮಿಲಿ ದಾಟಿದರೆ, ಅಂದರೆ 20 ಕಿಲೋ ನಾಯಿ 2 ಲೀಟರಿಗಿಂತ ಹೆಚ್ಚು ಕುಡಿದರೆ, ಅದು ಸಹಜವಲ್ಲ. ಮಡಿಕೇರಿಯ ಮಳೆಗಾಲದ ಚಳಿಯಲ್ಲಂತೂ ಇದಕ್ಕಿಂತ ಕಡಿಮೆ ಇದ್ದರೂ ನಾನು ಅನುಮಾನಿಸುತ್ತೇನೆ. ಸಕ್ಕರೆ ಕಾಯಿಲೆ, ಹೆಣ್ಣುನಾಯಿಯ ಗರ್ಭಕೋಶದ ಕೀವು, ಸ್ಟೀರಾಯ್ಡ್ ಮಾತ್ರೆಗಳಿಂದಲೂ ಬಾಯಾರಿಕೆ ಹೆಚ್ಚುತ್ತದೆ. ಹೆಚ್ಚು ಕುಡಿಯುತ್ತದೆಂದು ನೀರು ಮಾತ್ರ ಕಡಿಮೆ ಮಾಡಬೇಡಿ.

ಮೂತ್ರ, ಆಮೇಲೆ ರಕ್ತ

ಬೆಳಗಿನ ಮೊದಲ ಮೂತ್ರವೇ ಬೇಕು. ಕುತ್ತಿಗೆಗೆ ಹಗ್ಗ ಹಾಕಿ ಹೊರಗೆ ಕರೆದೊಯ್ದು, ಕಾಲೆತ್ತಿ ಧಾರೆ ಶುರುವಾದ ಮೇಲೆ ಉದ್ದ ಹಿಡಿಯ ಸೌಟನ್ನು ಬದಿಯಿಂದ ಒಡ್ಡಿ. ಮೊದಲೇ ಒಡ್ಡಿದರೆ ನಾಯಿ ಕಾಲಿಳಿಸಿ ನಿಮ್ಮ ಮುಖ ನೋಡುತ್ತದೆ! ಸ್ವಚ್ಛ ಬಾಟಲಿಗೆ ಸುರಿದು ಆದಷ್ಟು ಬೇಗ ಪಶುವೈದ್ಯರಿಗೆ ತಲುಪಿಸಿ. ಮೂತ್ರದ ಸಾಂದ್ರತೆ (ನೀರಿಗೆ ಹೋಲಿಸಿದರೆ ಅದು ಎಷ್ಟು ಗಟ್ಟಿ ಎಂಬ ಅಳತೆ) 1.030ಕ್ಕಿಂತ ಮೇಲಿದ್ದರೆ ಸಾಮಾನ್ಯವಾಗಿ ಸಮಾಧಾನ. ಮತ್ತೆ ಮತ್ತೆ 1.010ರ ಆಸುಪಾಸಿನಲ್ಲೇ ನಿಂತರೆ ಕಿಡ್ನಿಯ ಮೇಲೆ ಅನುಮಾನ. ಮೂತ್ರದಲ್ಲಿ ಪ್ರೋಟೀನ್ ಸೋರುತ್ತಿದೆಯೇ ಎಂದೂ ನೋಡಿಸಿ.

ರಕ್ತದಲ್ಲಿ ಕ್ರಿಯಾಟಿನಿನ್ (ಮಾಂಸಖಂಡದಿಂದ ಬರುವ, ಕಿಡ್ನಿ ಹೊರಹಾಕಬೇಕಾದ ಕಸ), ರಂಜಕ (ಫಾಸ್ಫರಸ್), ಪೊಟ್ಯಾಶಿಯಂ ನೋಡುತ್ತಾರೆ. ಸಾಧ್ಯವಿದ್ದರೆ ಕಿಡ್ನಿ ಹೊರಹಾಕುವ ಇನ್ನೊಂದು ಕಸವನ್ನು ಅಳೆಯುವ ಎಸ್‌ಡಿಎಂಎ ಪರೀಕ್ಷೆಯನ್ನೂ ಕೇಳಿ, ಅದು ಸ್ವಲ್ಪ ಬೇಗ ಸುಳಿವು ಕೊಡುತ್ತದೆ. ಕಿಡ್ನಿ ಕಾಯಿಲೆಗೆ ನಾಲ್ಕು ಹಂತ: ಕ್ರಿಯಾಟಿನಿನ್ ಡೆಸಿಲೀಟರಿಗೆ 1.4 ಮಿಲಿಗ್ರಾಂ ದಾಟಿದರೆ ಎರಡನೇ ಹಂತ, 2.8 ದಾಟಿದರೆ ಮೂರನೆಯದು, 5 ದಾಟಿದರೆ ನಾಲ್ಕನೆಯದು. ಮಾಂಸಖಂಡ ಕರಗಿದ ನಾಯಿಯಲ್ಲಿ ಈ ಅಂಕಿ ಕಡಿಮೆಯಾಗಿಯೇ ಕಾಣುತ್ತದೆ, ಮೋಸಹೋಗಬೇಡಿ. ಬಿಪಿಯನ್ನೂ ನೋಡಿಸಬೇಕು.

ತಟ್ಟೆಯಲ್ಲಿ ಏನಿರಬೇಕು

ನಮ್ಮ ಕಡೆ ಕಷ್ಟವಾಗುವುದು ಇಲ್ಲೇ. ಪಂದಿ ಕರಿಯ ಮೂಳೆ, ಒಣಮೀನು, ಈಲಿ (ಲಿವರ್) ಎಲ್ಲವೂ ನಾಯಿಯ ಪಾಲಿಗೇ ಹೋಗುವುದು ರೂಢಿ. ಮೂಳೆ, ಮೀನು, ಹಾಲು, ಮೊಟ್ಟೆಯ ಹಳದಿಯಲ್ಲಿ ರಂಜಕ ಹೆಚ್ಚು. ಸೋತ ಕಿಡ್ನಿಗೆ ಅದನ್ನು ಹೊರಹಾಕಲು ಆಗುವುದಿಲ್ಲ. ಉಪ್ಪು ಖಾರದ ಸಾರಂತೂ ಬೇಡವೇ ಬೇಡ. ಹಾಗೆಂದು ಮಾಂಸ ಪೂರ್ತಿ ನಿಲ್ಲಿಸಿ ಬರೀ ಗಂಜಿ ಹಾಕಿದರೆ ನಾಯಿ ಇನ್ನಷ್ಟು ಬಡಕಲಾಗುತ್ತದೆ. ಕಿಡ್ನಿ ರೋಗಕ್ಕೆಂದೇ ಮಾಡಿದ ಆಹಾರ ಸಿಕ್ಕರೆ ಅದೇ ಉತ್ತಮ. ವಾರ ಹತ್ತು ದಿನದಲ್ಲಿ ಹಳೆಯದಕ್ಕೆ ಬೆರೆಸುತ್ತಾ ಬದಲಿಸಿ. ಸಿಗದಿದ್ದರೆ ಅನ್ನ, ಬೇಯಿಸಿದ ಮೊಟ್ಟೆಯ ಬಿಳಿ, ಸ್ವಲ್ಪ ಮೂಳೆಯಿಲ್ಲದ ಮಾಂಸ. ಅಳತೆಯನ್ನು ವೈದ್ಯರೇ ಹೇಳಲಿ.

ವಾಂತಿ, ಬಿಪಿ, ಪ್ರೋಟೀನ್ ಸೋರಿಕೆಗೆ ಮಾತ್ರೆಗಳಿವೆ. ನೀರಿನಂಶ ಕಡಿಮೆಯಾಗುವ ನಾಯಿಗೆ ಚರ್ಮದಡಿ ಡ್ರಿಪ್ ಕೊಡುವುದನ್ನು ಮನೆಯವರಿಗೂ ಕಲಿಸುತ್ತಾರೆ. ಬಾಟಲಿಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ಇಟ್ಟು, ಬೆನ್ನಿನ ಮೇಲಿನ ಸಡಿಲ ಚರ್ಮವನ್ನು ಎತ್ತಿ ಹಿಡಿದು, ಅದರ ಬುಡಕ್ಕೆ ಸೂಜಿ ಚುಚ್ಚುವುದು. ಅಲ್ಲಿ ಗಡ್ಡೆಯಂತೆ ಉಬ್ಬುತ್ತದೆ, ಗಾಬರಿ ಬೇಡ. ಕೆಲವು ಗಂಟೆಗಳಲ್ಲಿ ಇಳಿಯುತ್ತದೆ.

ಕಾಯದೆ ಓಡಬೇಕಾದ ದಿನ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗದ್ದೆ, ಕೆಸರು ನೀರಿನಲ್ಲಿ ಓಡಾಡಿದ ನಾಯಿಗೆ ಜ್ವರ ಬಂದು, ಕಣ್ಣು ಹಳದಿಯಾಗಿ, ಮೂತ್ರ ಕಟ್ಟಿಕೊಂಡರೆ ಇಲಿ ಜ್ವರ ಇರಬಹುದು. ಕೊಳಕುಮಂಡಲ ಕಚ್ಚಿದಾಗ, ಒಣದ್ರಾಕ್ಷಿ ತಿಂದಾಗ, ಕುಂಟುತ್ತದೆಂದು ಯಾರಾದರೂ ಮನುಷ್ಯರ ನೋವಿನ ಮಾತ್ರೆ ಐಬುಪ್ರೊಫೆನ್ ನುಂಗಿಸಿದಾಗಲೂ ಕಾಯದೆ ವೈದ್ಯರ ಬಳಿ ಓಡಿ. ಇಲಿ ಜ್ವರ ಮೂತ್ರದ ಮೂಲಕ ಮನುಷ್ಯರಿಗೂ ಹರಡುತ್ತದೆ. ಗೂಡು ತೊಳೆಯುವವರು ಗ್ಲೌಸ್ ಹಾಕಿಕೊಳ್ಳಲಿ. ಇಲಿ ಜ್ವರದ ವರ್ಷಕ್ಕೊಮ್ಮೆಯ ಲಸಿಕೆಯನ್ನು ನಾಯಿಗೆ ಮಳೆ ಹಿಡಿಯುವ ಮುಂಚೆಯೇ, ಏಪ್ರಿಲ್‌ನಲ್ಲಿ, ಹಾಕಿಸಿಬಿಡಿ.